ಶಿಡ್ಲಘಟ್ಟದ ದಾರಿ ಮತ್ತು ನನ್ನ ಮೊದಲ ಕಾರ್ಬನ್ ಸೈಕಲ್

ಭಾನುವಾರ ಬೆಳಗಿನ ಜಾವ ಐದು ಗಂಟೆಗೆ ಒಮ್ಮೆ ಹೆಬ್ಬಾಳದ ಫ್ಲೈಓವರ್ ಹತ್ತಿರ ನಿಂತು ನೋಡಿ. ವಾರವಿಡೀ ಹಾರ್ನ್ ಕೇಳಿ ಸುಸ್ತಾದ ಬಳ್ಳಾರಿ ರಸ್ತೆ ಆ ಒಂದು ಗಂಟೆ ಮಾತ್ರ ಸೈಕಲ್‌ನವರದ್ದು. ಹಿಂದೆ ಕೆಂಪು ಲೈಟು ಮಿನುಗಿಸುತ್ತಾ ಐದೋ ಹತ್ತೋ ಜನರ ಗುಂಪುಗಳು ಸರ್ವಿಸ್ ರಸ್ತೆ ಹಿಡಿದು, ಯಲಹಂಕ ದಾಟಿ, ನಂದಿಬೆಟ್ಟದ ಕಡೆ ಹೊರಟಿರುತ್ತವೆ. ಮೇಲಿನ ಎಲಿವೇಟೆಡ್ ರಸ್ತೆಯಲ್ಲಿ ಏರ್‌ಪೋರ್ಟ್ ಟ್ಯಾಕ್ಸಿಗಳು ಸುಂಯ್ ಅಂತ ಓಡುತ್ತವೆ. ಅಂಥದ್ದೊಂದು ಗುಂಪಿನಲ್ಲಿ ಎಲ್ಲರಿಗಿಂತ ನೂರು ಅಡಿ ಹಿಂದೆ, ಕೈ ಒದರಿಕೊಂಡು ಬರುತ್ತಿದ್ದವಳು ನಾನು.

ನನ್ನ ಊರು ಶಿಡ್ಲಘಟ್ಟ. ಕೆಲಸ ನಾಗವಾರದ ಹತ್ತಿರದ ಟೆಕ್ ಪಾರ್ಕ್‌ನಲ್ಲಿ, ವಾಸ ಸಹಕಾರನಗರದಲ್ಲಿ. ಕಾಲೇಜಿನ ದಿನಗಳಲ್ಲಿ ಇದೇ ರಸ್ತೆಯಲ್ಲಿ ಬಸ್ಸಿನ ಕಿಟಕಿ ಪಕ್ಕ ಕೂತು ನಿದ್ದೆ ಮಾಡುತ್ತಾ ಓಡಾಡಿದವಳು. ದೇವನಹಳ್ಳಿ ಬಂದರೆ ಒಮ್ಮೆ ಎಚ್ಚರ, ವಿಜಯಪುರ ಬಂದರೆ ಇನ್ನೊಮ್ಮೆ. ಸೈಕಲ್ ಶುರು ಮಾಡಿದ ಮೇಲೇ ಗೊತ್ತಾಗಿದ್ದು, ಈ ದಾರಿಯಲ್ಲಿ ಎಷ್ಟು ಏರಿಳಿತ ಇದೆ ಅಂತ. ಬಸ್ಸಿನಲ್ಲಿ ಸಮತಟ್ಟು ಅಂದುಕೊಂಡಿದ್ದ ಜಾಗವೆಲ್ಲ ಪೆಡಲ್ ಮೇಲೆ ಕೂತಾಗ ದಿಬ್ಬ!

ಎರಡು ಬೆರಳು ಮರಗಟ್ಟಿದಾಗ

ನನ್ನ ಹಳೇ ಸೈಕಲ್ ಅಲ್ಯುಮಿನಿಯಂ ಫ್ರೇಮಿನದು. ಎಂಟು ಗೇರಿನ ಕ್ಲಾರಿಸ್, ತೂಕ 11.2 ಕೆ.ಜಿ. ನಾಲ್ಕು ವರ್ಷದ ಹಿಂದೆ ಆಫೀಸಿನ ಗೆಳೆಯನೊಬ್ಬ ಮಾರಿದ್ದನ್ನು ಕಣ್ಣು ಮುಚ್ಚಿಕೊಂಡು ತಗೊಂಡಿದ್ದೆ. ಓಡುತ್ತಿತ್ತು, ದೂರು ಹೇಳೋ ಹಾಗಿರಲಿಲ್ಲ. ಆದರೆ ಕಳೆದ ವರ್ಷದಿಂದ ಒಂದು ಕಾಟ ಶುರುವಾಯಿತು. 40 ಕಿ.ಮೀ. ದಾಟುತ್ತಿದ್ದಂತೆ ಉಂಗುರದ ಬೆರಳು, ಕಿರುಬೆರಳು ಎರಡೂ ಜೋಮು ಹಿಡಿಯೋವು. ಮೊದಮೊದಲು ಕೈ ಒದರಿದರೆ ಸರಿಹೋಗುತ್ತಿತ್ತು. ಆಮೇಲೆ ಸೋಮವಾರ ಆಫೀಸಿನಲ್ಲಿ ಕೀಬೋರ್ಡ್ ಮುಂದೆ ಕೂತಾಗಲೂ ಕಿರುಬೆರಳು ನನ್ನದಲ್ಲ ಅನ್ನಿಸತೊಡಗಿತು. ಟೈಪ್ ಮಾಡಿ ಬದುಕೋ ನನಗೆ ಭಯವಾಗದೆ ಇರುತ್ತಾ?

ಡಾಕ್ಟರ್ ಹೇಳಿದ್ದು ಸರಳವಾಗಿತ್ತು. ಅಂಗೈಯ ಕಿರುಬೆರಳಿನ ಬದಿಯಲ್ಲಿ ಹಾದುಹೋಗುವ ನರದ ಮೇಲೆ ಭಾರ ಬೀಳ್ತಿದೆ, ಸೈಕಲ್ ತುಳಿಯೋರಲ್ಲಿ ಇದು ಸಾಮಾನ್ಯ, ಕೂರೋ ಭಂಗಿ ಸರಿಮಾಡ್ಕೊಳ್ಳಿ, ಇಲ್ಲಾಂದ್ರೆ ಸೈಕಲ್ ಬಿಡಿ. ಬಿಡೋದಂತೂ ಆಗದ ಮಾತು. ಹಾಗಾಗಿ ಎರಡು ವರ್ಷದಿಂದ ಬೋನಸ್‌ನಲ್ಲಿ ಕೂಡಿಟ್ಟಿದ್ದ ದುಡ್ಡನ್ನು ಲೆಕ್ಕ ಹಾಕಿದೆ. ಒಂದೂವರೆ ಲಕ್ಷದ ಆಚೆ ಈಚೆ ಇತ್ತು. ಗುಂಪಿನಲ್ಲಿ ಎಲ್ಲರದ್ದೂ ಒಂದೇ ಮಂತ್ರ: "ಕಾರ್ಬನ್ ತಗೋ, ಎಲ್ಲಾ ಸರಿಹೋಗುತ್ತೆ."

ನಿಜಕ್ಕೂ ಸರಿಹೋಗುತ್ತಾ? ಸ್ವಲ್ಪ ಲೆಕ್ಕ ಹಾಕೋಣ. ಆ ಬೆಲೆಯಲ್ಲಿ ಸಿಗೋ ಕಾರ್ಬನ್ ಸೈಕಲ್ ಸುಮಾರು 9 ಕೆ.ಜಿ. ತೂಗುತ್ತೆ. ಉಳಿತಾಯ ಎರಡು ಚಿಲ್ಲರೆ ಕೆ.ಜಿ. ನಾನು, ಸೈಕಲ್, ನೀರಿನ ಬಾಟಲಿ ಎಲ್ಲಾ ಸೇರಿ 67 ಕೆ.ಜಿ. ಅಂದರೆ ಕಡಿಮೆಯಾಗೋದು ನೂರಕ್ಕೆ ಮೂರೂವರೆ ಭಾಗ. ನಂದಿಬೆಟ್ಟದ ಏರು ಸುಮಾರು 8 ಕಿ.ಮೀ. ತುದಿ ಸಮುದ್ರಮಟ್ಟದಿಂದ 1478 ಮೀಟರ್. ಅಲ್ಲಿಗೆ ಹತ್ತಲು ನನಗೆ 48 ನಿಮಿಷ ಬೇಕು. ತೂಕ ಇಳಿದರೆ ಉಳಿಯೋದು ಹೆಚ್ಚೆಂದರೆ ಒಂದೂವರೆ ನಿಮಿಷ. ಅಷ್ಟಕ್ಕೇ ಒಂದೂವರೆ ಲಕ್ಷವಾ?

ಕಾರ್ಬನ್‌ನ ನಿಜವಾದ ಗುಣ ಬೇರೆ. ಅದು ಲೋಹದ ಕೊಳವೆ ಅಲ್ಲ. ಕಾರ್ಬನ್ ನಾರಿನ ಬಟ್ಟೆಯನ್ನು ಪದರ ಪದರವಾಗಿ ಹಾಕಿ, ರಾಳದಲ್ಲಿ ಅಂಟಿಸಿ, ಅಚ್ಚಿನಲ್ಲಿ ಬೇಯಿಸಿ ಮಾಡಿದ್ದು. ಎಲ್ಲಿ ಗಟ್ಟಿ ಇರಬೇಕೋ ಅಲ್ಲಿ ನಾರನ್ನು ಒಂದು ದಿಕ್ಕಿಗೆ, ಎಲ್ಲಿ ಸ್ವಲ್ಪ ಬಾಗಬೇಕೋ ಅಲ್ಲಿ ಇನ್ನೊಂದು ದಿಕ್ಕಿಗೆ ಹಾಕಬಹುದು. ಅದಕ್ಕೇ ಒರಟು ರಸ್ತೆಯ ನಡುಕ ಕೈಗೆ ಸ್ವಲ್ಪ ಕಡಿಮೆ ಬರುತ್ತೆ. ಆದರೆ ಅದರ ಕೆಟ್ಟ ಗುಣವೂ ಅಲ್ಲೇ ಇದೆ. ಅಲ್ಯುಮಿನಿಯಂಗೆ ಪೆಟ್ಟು ಬಿದ್ದರೆ ನೆಗ್ಗುತ್ತೆ, ಕಣ್ಣಿಗೆ ಕಾಣುತ್ತೆ. ಕಾರ್ಬನ್ ಹೊರಗೆ ಮುಖ ಚೆನ್ನಾಗಿಟ್ಟುಕೊಂಡು ಒಳಗೆ ಬಿರುಕು ಬಿಟ್ಟಿರಬಹುದು.

ಎರಡು ಅಂಗಡಿ, ಎರಡು ಮಾತು

ಮೊದಲು ಹೋದ ಅಂಗಡಿ ದೊಡ್ಡದು. ಎಸಿ, ಗಾಜಿನ ಗೋಡೆ, ಗೋಡೆಗೆ ತೂಗುಹಾಕಿದ ಸೈಕಲ್ಲುಗಳು. ನಾನು ಐದಡಿ ಎರಡಿಂಚು. ಅಲ್ಲಿದ್ದ ಹುಡುಗ ಅಳತೆ ಟೇಪು ಮುಟ್ಟದೆಯೇ ಹೇಳಿದ, "ಮೇಡಂ, ನಿಮಗೆ ಸ್ಮಾಲ್ ಸೈಜ್ ಆಗುತ್ತೆ. ಸ್ವಲ್ಪ ಉದ್ದ ಅನ್ಸಿದ್ರೆ ಚಿಕ್ಕ ಸ್ಟೆಮ್ ಹಾಕ್ಕೊಡ್ತೀವಿ." ಎಕ್ಸ್‌ಟ್ರಾ ಸ್ಮಾಲ್ ಇಲ್ವಾ ಅಂದೆ. "ಅದು ಸ್ಟಾಕ್ ಬರಲ್ಲ ಮೇಡಂ, ಯಾರೂ ಕೇಳಲ್ಲ." ನಾನು ಕೇಳ್ತಿದೀನಲ್ಲಪ್ಪ ಅನ್ನೋಣ ಅನ್ನಿಸಿತು. ಸುಮ್ಮನೆ ಬಂದೆ.

ಎರಡನೇದು ಜಯನಗರದ ಕಡೆ, ಒಂದು ಮನೆಯ ನೆಲಮಾಳಿಗೆಯಲ್ಲಿ. ಗ್ರೀಸಿನ ವಾಸನೆ, ಮೂಲೆಯಲ್ಲಿ ರೇಡಿಯೋ. ಅಂಗಡಿಯವರಿಗೆ ಐವತ್ತು ದಾಟಿರಬಹುದು, ಎಲ್ಲರೂ ಅಣ್ಣ ಅಂತಲೇ ಕರೀತಾರೆ. ಅವರು ಸೈಕಲ್ ತೋರಿಸೋ ಮೊದಲು ನನ್ನ ಕೈ ತೋರಿಸಿ ಅಂದರು. ಯಾವ ಬೆರಳು, ಎಷ್ಟು ಕಿ.ಮೀ. ಆದ ಮೇಲೆ, ಕುತ್ತಿಗೆನೂ ನೋಯುತ್ತಾ, ಹೀಗೆ ಹತ್ತು ಪ್ರಶ್ನೆ. ಆಮೇಲೆ ಬರಿಗಾಲಲ್ಲಿ ಗೋಡೆಗೆ ಒರಗಿ ನಿಲ್ಲಿಸಿ, ಕಾಲುಗಳ ನಡುವೆ ಒಂದು ದಪ್ಪ ಪುಸ್ತಕ ಹಿಡಿಸಿ, ನೆಲದಿಂದ ಅದರ ಅಂಚಿಗೆ ಅಳತೆ ತಗೊಂಡರು. 74 ಸೆಂಟಿಮೀಟರ್. ತೋಳು, ಭುಜದ ಅಗಲ ಎಲ್ಲ ಬರೆದುಕೊಂಡರು.

"ನೋಡಮ್ಮ," ಅಂದರು, "ನಿನ್ನ ಎತ್ತರಕ್ಕೆ ಕಾಲು ಉದ್ದ, ಮೈ ಗಿಡ್ಡ. ಇಷ್ಟು ದಿನ ನಿನಗಲ್ಲದ ಸೈಕಲ್ ಮೇಲೆ ಚಾಚ್ಕೊಂಡು ಕೂತಿದೀಯ. ಮೈಭಾರ ಎಲ್ಲ ಅಂಗೈ ಮೇಲೆ."

ಅವತ್ತು ಎರಡು ಪದ ಕಲಿತೆ. ಸ್ಟ್ಯಾಕ್, ರೀಚ್. ಪೆಡಲ್ ತಿರುಗೋ ನಡುಬಿಂದುವಿನಿಂದ ಫ್ರೇಮಿನ ಮುಂದಿನ ಕೊಳವೆಯ ತುದಿ ಎಷ್ಟು ಮೇಲಿದೆ ಅನ್ನೋದು ಸ್ಟ್ಯಾಕ್. ಎಷ್ಟು ಮುಂದಿದೆ ಅನ್ನೋದು ರೀಚ್. ಸ್ಮಾಲ್, ಮೀಡಿಯಂ ಅನ್ನೋ ಹೆಸರುಗಳು ಕಂಪನಿಯಿಂದ ಕಂಪನಿಗೆ ಬದಲಾಗುತ್ತವೆ, ಈ ಎರಡು ಅಂಕಿಗಳು ಸುಳ್ಳು ಹೇಳಲ್ಲ. ರೇಸಿಗೆ ಮಾಡಿದ ಸೈಕಲ್‌ನಲ್ಲಿ ಸ್ಟ್ಯಾಕ್ ಕಡಿಮೆ, ರೀಚ್ ಜಾಸ್ತಿ, ಬಗ್ಗಿ ಕೂರಬೇಕು. ದೂರದ ಸವಾರಿಗೆ ಮಾಡಿದ್ದರಲ್ಲಿ ಸ್ವಲ್ಪ ನೆಟ್ಟಗೆ ಕೂರಬಹುದು. ಜೊತೆಗೆ ನನಗೆ ಬೇಕಾದ್ದು 38 ಸೆಂಟಿಮೀಟರ್ ಅಗಲದ ಹ್ಯಾಂಡಲ್, ಹಳೇದರಲ್ಲಿ ಇದ್ದದ್ದು 42. ಪೆಡಲ್ ತೋಳು 165 ಮಿ.ಮೀ. ಸಾಕು, ಇದ್ದದ್ದು 170. ಅಣ್ಣ ಒಂದು ಕಾಗದದ ಮೇಲೆ ಎಲ್ಲ ಬರೆದುಕೊಟ್ಟರು. ಸರಿಹೋಗೋ ಎಕ್ಸ್‌ಟ್ರಾ ಸ್ಮಾಲ್ ಸೈಕಲ್ ತರಿಸಬೇಕು, ಐದು ವಾರ, 1,62,000 ರೂಪಾಯಿ. ಅಳತೆ ತಗೊಂಡಿದ್ದಕ್ಕೆ ಎಷ್ಟು ಅಂದೆ. "ಸೈಕಲ್ ತಗೊಂಡಾಗ ನೋಡೋಣ ಬಿಡಮ್ಮ" ಅಂದರು.

ರಾತ್ರಿ ಹನ್ನೊಂದರ ಕಾರ್ಟ್

ಆ ಕಾಗದ ಹಿಡಿದು ರಾತ್ರಿ ಏನು ಮಾಡಿದೆ ಹೇಳಿ? ಮಂಚದ ಮೇಲೆ ಬಿದ್ದುಕೊಂಡು ಫೋನ್‌ನಲ್ಲಿ ಹುಡುಕಿದೆ. ನೀವೂ ಅದನ್ನೇ ಮಾಡ್ತಿದ್ರಿ! ಅದೇ ಟಿಯಾಗ್ರಾ ಗ್ರೂಪ್‌ಸೆಟ್, ಅದೇ ಹತ್ತು ಗೇರು, ಹೈಡ್ರಾಲಿಕ್ ಡಿಸ್ಕ್ ಬ್ರೇಕು, ಹೆಚ್ಚುಕಡಿಮೆ ಅದೇ ತೂಕ. ಬೇರೆ ಕಂಪನಿ. ಎಕ್ಸ್‌ಟ್ರಾ ಸ್ಮಾಲ್ ಸ್ಟಾಕ್ ಇದೆ. 1,38,000 ರೂಪಾಯಿ. ನಾಲ್ಕೇ ದಿನದಲ್ಲಿ ಮನೆ ಬಾಗಿಲಿಗೆ.

24 ಸಾವಿರ ವ್ಯತ್ಯಾಸ. ಕಾರ್ಟಿಗೆ ಹಾಕಿದೆ. ತೆಗೆದೆ. ಮತ್ತೆ ಹಾಕಿದೆ. ಅಳತೆ ಜಯನಗರದ ಅಣ್ಣನದು, ದುಡ್ಡು ಬೇರೆಯವರಿಗೆ ಅನ್ನೋದು ಒಂದು ಕಡೆ ಚುಚ್ಚುತ್ತಿತ್ತು. 24 ಸಾವಿರ ಇನ್ನೊಂದು ಕಡೆ ಎಳೆಯುತ್ತಿತ್ತು.

ಆನ್‌ಲೈನ್‌ನಲ್ಲಿ ತಗೊಂಡವರೆಲ್ಲ ಮೋಸ ಹೋಗ್ತಾರೆ ಅಂತ ದಯವಿಟ್ಟು ಅಂದುಕೊಳ್ಳಬೇಡಿ. ನಮ್ಮ ಗುಂಪಿನ ಗೆಳೆಯನೊಬ್ಬ ಕಳೆದ ವರ್ಷ ಹಾಗೇ ತರಿಸಿದ. ಐದಡಿ ಒಂಬತ್ತಿಂಚಿನ ಸರಾಸರಿ ಆಳು, ಚಾರ್ಟಿನಲ್ಲಿ ಬರೆದ ಸೈಜೇ ಕರೆಕ್ಟಾಗಿ ಕೂತಿತು. ಡಬ್ಬ ಚೆನ್ನಾಗಿ ಪ್ಯಾಕ್ ಆಗಿ ಬಂತು, ಫ್ರೇಮಿನ ಮೇಲೆ ಒಂದು ಗೀರೂ ಇರಲಿಲ್ಲ. ಹ್ಯಾಂಡಲ್, ಮುಂದಿನ ಚಕ್ರ, ಸೀಟ್‌ಪೋಸ್ಟ್, ಪೆಡಲ್ ಹಾಕಿಕೊಂಡರೆ ಮುಗೀತು. ಅವನು ತಪ್ಪಿದ್ದು ಅಲ್ಲೇ. ಸೀಟ್‌ಪೋಸ್ಟ್ ಜಾರುತ್ತೆ ಅಂತ ಅಲೆನ್ ಕೀ ಹಿಡಿದು ಬಿಗಿದ. ಇನ್ನೂ ಜಾರಿತು, ಇನ್ನೂ ಬಿಗಿದ. ಕ್ಲ್ಯಾಂಪ್ ಮೇಲೆ 5 ನ್ಯೂಟನ್ ಮೀಟರ್ ಅಂತ ಬರೆದೇ ಇತ್ತು. ಟಾರ್ಕ್ ರೆಂಚ್ ಇಲ್ಲದೆ ಕೈ ಅಂದಾಜಿನಲ್ಲಿ ಅದು ಗೊತ್ತಾಗಲ್ಲ. ಮೂರನೇ ಸಲಕ್ಕೆ 'ಟಕ್' ಅಂತ ಒಂದು ಸದ್ದು. ಸೀಟ್‌ಪೋಸ್ಟ್ ಸೀಳಿತ್ತು. ಅತಿಯಾಗಿ ಬಿಗಿದದ್ದಕ್ಕೆ ವಾರಂಟಿ ಇಲ್ಲ. ತಪ್ಪು ತನ್ನದೇ ಅಂತ ಅವನೇ ನಗ್ತಾ ಹೇಳ್ತಾನೆ. ಬೇಕಾಗಿದ್ದದ್ದು ಬರೀ ಕಾರ್ಬನ್ ಪೇಸ್ಟ್. ಮರಳಿನಂಥ ಸಣ್ಣ ಕಣಗಳಿರೋ ಆ ಪೇಸ್ಟನ್ನು ತೆಳ್ಳಗೆ ಸವರಿದರೆ ಕಡಿಮೆ ಬಿಗಿತದಲ್ಲೂ ಹಿಡಿದುಕೊಳ್ಳುತ್ತೆ.

ಗೂಡು ಮಾರುಕಟ್ಟೆಯಲ್ಲಿ

ಆ ವಾರ ಊರಿಗೆ ಹೋಗಿದ್ದೆ, ಬಸ್ಸಿನಲ್ಲೇ. ನಮ್ಮಪ್ಪ ರೀಲರ್. ಗೂಡು ತಂದು ಬಿಸಿನೀರಿಗೆ ಹಾಕಿ ನೂಲು ಬಿಚ್ಚಿಸೋ ಕೆಲಸ. ಊರಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದ ತಕ್ಷಣ ಮೂಗಿಗೆ ಬಡಿಯೋ ಬೆಂದ ಹುಳುವಿನ ವಾಸನೆ ಹೊರಗಿನವರಿಗೆ ಅಸಹ್ಯ, ನನಗೆ ಮನೆಗೆ ಬಂದೆ ಅನ್ನೋ ಗುರುತು. ಬೆಳಗ್ಗೆ ಅಪ್ಪನ ಜೊತೆ ಮಾರುಕಟ್ಟೆಗೆ ಹೋದೆ.

ನೋಡದವರಿಗೆ ಹೇಳ್ತೀನಿ, ಶಿಡ್ಲಘಟ್ಟದ ರೇಷ್ಮೆಗೂಡು ಮಾರುಕಟ್ಟೆ ಒಂದು ಸಲ ನೋಡಬೇಕಾದ ಜಾಗ. ಉದ್ದುದ್ದ ಜಾಲರಿಗಳಲ್ಲಿ ಬಿಳಿ, ತಿಳಿಹಳದಿ ಗೂಡುಗಳ ರಾಶಿ. ರೈತರು ಪಕ್ಕದಲ್ಲಿ ನಿಂತಿರುತ್ತಾರೆ. ಕನ್ನಡ, ತೆಲುಗು, ಉರ್ದು ಮೂರೂ ಒಂದೇ ವಾಕ್ಯದಲ್ಲಿ ಬೆರೆಯುತ್ತವೆ. ಹಿಂದೆ ಕೂಗಿ ಹರಾಜು ಹಾಕುತ್ತಿದ್ದರು, ಈಗ ಇ-ಹರಾಜು. ಲಾಟ್ ನಂಬರ್ ನೋಡಿ ಮೊಬೈಲಿನಲ್ಲೇ ರೇಟು ಹಾಕೋದು. ಕೊಳ್ಳೋದು ಪೂರ್ತಿ ಆನ್‌ಲೈನ್ ಅಂತಲೇ ಅನ್ನಿ.

ಆದರೆ ಅಪ್ಪ ಫೋನ್ ಜೇಬಿನಿಂದ ತೆಗೆದದ್ದೇ ಒಂದು ಗಂಟೆ ಆದ ಮೇಲೆ. ಅಲ್ಲಿಯವರೆಗೆ ಜಾಲರಿಯಿಂದ ಜಾಲರಿಗೆ ನಡೆದರು. ಮೊಣಕೈವರೆಗೆ ಕೈ ಇಳಿಸಿ ತಳದ ಗೂಡು ಮೇಲೆ ತಂದರು. ಎರಡು ಬೆರಳಲ್ಲಿ ಅದುಮಿ ನೋಡಿದರು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಒಳಗಿನ ಹುಳು ಲೊಟಲೊಟ ಅಂದರೆ ಸರಿ, ಅಂಟಿಕೊಂಡಿದ್ದರೆ ಸತ್ತು ಕೊಳೆತಿದೆ ಅಂತ ಅರ್ಥ.

ಅಪ್ಪನಿಗೆ ಸೈಕಲ್ ವಿಷಯ ಹೇಳಿದೆ. ಬೆಲೆ ಕೇಳಿ ಒಂದು ನಿಮಿಷ ಮಾತಾಡಲಿಲ್ಲ. "ಅಷ್ಟು ದುಡ್ಡಿಗೆ ಬೈಕೇ ಬರುತ್ತಲ್ಲಮ್ಮ" ಅಂದರು. ಆಮೇಲೆ ಬೆರಳಿನ ವಿಷಯ ಹೇಳಿದೆ. ಡಾಕ್ಟರ್ ಹತ್ತಿರ ಹೋಗಿದ್ದನ್ನು ಮನೆಯಲ್ಲಿ ಹೇಳಿರಲಿಲ್ಲ. ಅವರು ನನ್ನ ಬಲಗೈ ಹಿಡಿದು ಕಿರುಬೆರಳನ್ನು ಗೂಡು ಅದುಮಿದ ಹಾಗೇ ಅದುಮಿ ನೋಡಿದರು. ಬಿಸಿನೀರಿನಲ್ಲಿ ಇಪ್ಪತ್ತೈದು ವರ್ಷ ಬೆಂದ ಅವರ ಬೆರಳುಗಳಿಗೆ ಎಷ್ಟು ಗೊತ್ತಾಯಿತೋ ಏನೋ.

ಟೀ ಕುಡೀತಾ ಅವರದೊಂದು ಹಳೇ ಕತೆ ಹೇಳಿದರು. ಒಂದು ದಿನ ಮಾರುಕಟ್ಟೆಗೆ ಲೇಟಾಗಿ ಬಂದು, ಗೂಡು ಮುಟ್ಟದೆ, ರೇಟ್ ಕಡಿಮೆ ಇದೆ ಅಂತ ನಂಬರ್ ನೋಡಿಕೊಂಡೇ ಒಂದು ಲಾಟ್ ಹಿಡಿದಿದ್ದರಂತೆ. ಮನೆಗೆ ತಂದು ನೀರಿಗೆ ಹಾಕಿದರೆ ಎಳೆ ಹೆಜ್ಜೆಹೆಜ್ಜೆಗೂ ಕಡೀತು. ಏಳು ಕೆ.ಜಿ. ಗೂಡಿಗೆ ಒಂದು ಕೆ.ಜಿ. ರೇಷ್ಮೆ ಬರಬೇಕಾದದ್ದು ಹತ್ತು ಕೆ.ಜಿ. ಹಾಕಿದರೂ ಬರಲಿಲ್ಲ. "ಕೆ.ಜಿ.ಗೆ ಐವತ್ತು ರೂಪಾಯಿ ಉಳಿಸಿದೆ ಅಂತ ಬೀಗ್ತಿದ್ದೆ. ಆ ತಿಂಗಳು ಹುಡುಗರಿಗೆ ಕೂಲಿ ಕೊಡೋಕೆ ಸಾಲ ಮಾಡ್ದೆ."

"ಹಾಗಾದ್ರೆ ಅಂಗಡೀಲೇ ತಗೋ ಅಂತೀರಾ?" ಅಂದೆ.

"ನಾನು ಎಲ್ಲಂದೆ? ರೇಟು ಫೋನ್‌ನಲ್ಲೇ ಹಾಕು. ನೋಡಿ ಹಾಕು ಅಂದೆ ಅಷ್ಟೆ. ಆಮೇಲೆ ಎಳೆ ಕಡಿದ್ರೆ ಸರಿಮಾಡೋಕೆ ಯಾರಿದಾರೆ, ಅದನ್ನೂ ಲೆಕ್ಕಕ್ಕೆ ಹಿಡಿ."

ಲೆಕ್ಕ ಮತ್ತೆ ಹಾಕಿದಾಗ

ಬೆಂಗಳೂರಿಗೆ ವಾಪಸ್ ಬಂದು ಕಾಗದ ಪೆನ್ನು ಹಿಡಿದೆ. ಮೊದಲು ಆನ್‌ಲೈನ್ ಸೈಕಲ್‌ನ ಸ್ಟ್ಯಾಕ್, ರೀಚ್ ನೋಡಿದೆ. ಎಕ್ಸ್‌ಟ್ರಾ ಸ್ಮಾಲ್ ಅಂತ ಹೆಸರು, ಆದರೆ ರೀಚ್ ಅಣ್ಣ ಬರೆದುಕೊಟ್ಟದ್ದಕ್ಕಿಂತ ಒಂದು ಸೆಂಟಿಮೀಟರ್ ಜಾಸ್ತಿ. ಒಂದು ಸೆಂಟಿಮೀಟರ್ ಏನ್ ಮಹಾ ಅನ್ನಬಹುದು. ಚಪ್ಪಲಿ ಒಂದು ಸೆಂಟಿಮೀಟರ್ ದೊಡ್ಡದಾದರೆ ಹಾಕ್ಕೊಂಡು ಐವತ್ತು ಕಿ.ಮೀ. ನಡೀತೀರಾ? ಓಡಿಸಿದ ಮೇಲೆ ವಾಪಸ್ ತಗೊಳ್ಳಲ್ಲ ಅಂತಲೂ ಅಲ್ಲೇ ಸಣ್ಣಕ್ಷರದಲ್ಲಿ ಇತ್ತು.

ಆಮೇಲೆ ದುಡ್ಡಿನ ಲೆಕ್ಕ. 1,38,000ಕ್ಕೆ ಸೈಕಲ್. ಮೇಲೆ ಭಂಗಿ ಹೊಂದಿಸೋದಕ್ಕೆ 4,000. ಕಿರಿದಾದ ಹ್ಯಾಂಡಲ್‌ಗೆ 3,000. ಗೊತ್ತಿರೋರ ಕೈಲಿ ಜೋಡಿಸೋದಕ್ಕೆ 1,500. ಒಟ್ಟು 1,46,500. ಇದನ್ನೇ ಹಿಡಿದು ಜಯನಗರಕ್ಕೆ ಹೋಗಿ ಅಣ್ಣನ ಮುಂದೆ ಇಟ್ಟೆ, ಏನೂ ಮುಚ್ಚಿಡದೆ. ಆನ್‌ಲೈನ್ ಬೆಲೆನೂ ಹೇಳಿದೆ. ಅವರಿಗೆ ಬೇಜಾರಾಗುತ್ತೆ ಅಂದುಕೊಂಡಿದ್ದೆ, ನಕ್ಕರು. "ದಿನಾ ನಾಲ್ಕು ಜನ ಅಳತೆ ಕೊಟ್ಟು ಹೋಗ್ತಾರೆ. ಬಂದು ಹೇಳಿದವಳು ನೀನೊಬ್ಬಳೇ." 1,54,000ಕ್ಕೆ ಇಳಿದರು. ಅದರಲ್ಲೇ ಭಂಗಿ ಹೊಂದಿಕೆ, 38ರ ಹ್ಯಾಂಡಲ್, ಹಿಂದಿನ ಕ್ಯಾಸೆಟ್ 11-32 ಬದಲು 11-34, ಒಂದು ವರ್ಷದ ಸರ್ವಿಸ್. ಕೊನೆಗೆ ಉಳಿದ ವ್ಯತ್ಯಾಸ 7,500. ಸರಿಯಾದ ರೀಚ್‌ಗೆ, ಕಾಯಿಲೆ ಬಿದ್ದಾಗ ನೋಡೋ ಕೈಗೆ ಅಷ್ಟು ಕೊಡಬಹುದು ಅನ್ನಿಸಿತು. ಅಡ್ವಾನ್ಸ್ ಕೊಟ್ಟು ಬಂದೆ.

ಐದು ವಾರ ಅಂದದ್ದು ಏಳು ವಾರ ಆಯಿತು, ಅದನ್ನೂ ಹೇಳಿಬಿಡ್ತೀನಿ. ಎರಡು ಸಲ ಫೋನ್ ಮಾಡಿ ಜಗಳವನ್ನೂ ಆಡಿದೆ.

ಊರಿಗೆ ಸೈಕಲ್‌ನಲ್ಲಿ

ಮೊದಲ ದೊಡ್ಡ ಸವಾರಿ ನಂದಿಗೆ ಅಲ್ಲ, ಮನೆಗೆ. ಸಹಕಾರನಗರದಿಂದ ಶಿಡ್ಲಘಟ್ಟಕ್ಕೆ ಸುಮಾರು 55 ಕಿ.ಮೀ. ಐದು ಗಂಟೆಗೆ ಹೊರಟೆ. ದೇವನಹಳ್ಳಿಯ ಕೋಟೆ ಗೋಡೆ ಮೇಲೆ ಬಿಸಿಲು ಬೀಳೋ ಹೊತ್ತಿಗೆ ಅಲ್ಲಿದ್ದೆ. ಕಾಫಿ ಕುಡಿದು ವಿಜಯಪುರದ ರಸ್ತೆ ಹಿಡಿದರೆ ಹೆದ್ದಾರಿಯ ಗದ್ದಲ ಹಿಂದಾಯಿತು. ಅಲ್ಲಲ್ಲಿ ದ್ರಾಕ್ಷಿ ಚಪ್ಪರ, ನಡುವೆ ಲೇಔಟಿನ ಕಾಂಪೌಂಡು, ಮತ್ತೆ ಹಿಪ್ಪುನೇರಳೆ ತೋಟ. ಎಡಕ್ಕೆ ದೂರದಲ್ಲಿ ನಂದಿಬೆಟ್ಟ ಮಂಜಿನ ಟೋಪಿ ಹಾಕಿಕೊಂಡು ಕೂತಿತ್ತು. ಸೊಪ್ಪಿನ ಹೊರೆ ಹೇರಿದ ಟಿವಿಎಸ್ ಓಡಿಸುತ್ತಿದ್ದ ತಾತ ಒಬ್ಬರು ಪಕ್ಕಕ್ಕೆ ಬಂದು, "ಎಲ್ಲೀವರೆಗಮ್ಮ?" ಅಂದರು. ಶಿಡ್ಲಘಟ್ಟ ಅಂದೆ. "ಬಸ್ ಇಲ್ವಾ?" ಅಂದರು. ಏನು ಹೇಳೋದು!

40 ಕಿ.ಮೀ. ದಾಟಿದಾಗ ಕಾಯುತ್ತಿದ್ದೆ, ಜೋಮು ಈಗ ಬರುತ್ತೆ ಅಂತ. 45. 50. ಬೆರಳುಗಳು ನನ್ನವೇ ಆಗಿದ್ದವು. ಕಾರ್ಬನ್‌ನಿಂದಲಾ, ಅಳತೆಯಿಂದಲಾ, ಕಡಿಮೆ ಗಾಳಿ ಹಾಕಿದ 28 ಮಿ.ಮೀ. ಟೈರಿನಿಂದಲಾ? ಕೇಳಿದರೆ ಮುಕ್ಕಾಲು ಪಾಲು ಅಳತೆಯಿಂದ ಅಂತಲೇ ಹೇಳ್ತೀನಿ.

ನಿಮ್ಮದು ಸರಾಸರಿ ಮೈಕಟ್ಟು, ನಿಮ್ಮ ಸ್ಟ್ಯಾಕ್, ರೀಚ್ ನಿಮಗೆ ಗೊತ್ತು, ಟಾರ್ಕ್ ರೆಂಚ್ ಹಿಡಿಯೋಕೆ ಬರುತ್ತೆ ಅಂದರೆ ಆನ್‌ಲೈನ್‌ನಲ್ಲಿ ಧೈರ್ಯವಾಗಿ ತಗೊಳ್ಳಿ, ಉಳಿದ ದುಡ್ಡಿಗೆ ಒಳ್ಳೆ ಹೆಲ್ಮೆಟ್ ಬರುತ್ತೆ. ಗಿಡ್ಡ ಇದ್ದೀರಾ, ತುಂಬಾ ಉದ್ದ ಇದ್ದೀರಾ, ಎಲ್ಲಾದರೂ ನೋವಿದೆಯಾ, ಹಾಗಾದರೆ ಮೊದಲು ದುಡ್ಡು ಕೊಟ್ಟು ಅಳತೆ ಮಾಡಿಸಿ, ಆಮೇಲೆ ಸೈಕಲ್ ಹುಡುಕಿ. ಅಳತೆ ಟೇಪು ತೆಗೆಯದ ಅಂಗಡಿ ಎಷ್ಟು ದೊಡ್ಡದಾದರೂ ಹೊರಗೆ ಬನ್ನಿ. ಬಳಸಿದ ಕಾರ್ಬನ್ ಅಂತೂ ಫೋಟೋ ನೋಡಿ ಕೊಳ್ಳಲೇಬೇಡಿ. ಬಿಲ್ ಜೋಪಾನ, ವಾರಂಟಿ ಸಾಮಾನ್ಯವಾಗಿ ಮೊದಲು ಕೊಂಡವರಿಗೆ ಮಾತ್ರ.

ಮನೆ ಮುಂದೆ ಇಳಿದಾಗ ಅಮ್ಮ ಮೊದಲು ನೋಡಿದ್ದು ನನ್ನ ಮಂಡಿ, ಮೊಣಕೈ, ಎಲ್ಲಾದರೂ ತರಚಿದೆಯಾ ಅಂತ. ಅಪ್ಪ ಸೈಕಲ್ ಸುತ್ತ ಒಂದು ಸುತ್ತು ಬಂದರು. ಒಂದು ಕೈಯಲ್ಲಿ ಎತ್ತಿ ತೂಕ ನೋಡಿದರು. ಆಮೇಲೆ ಬಗ್ಗಿ, ಕಿವಿ ಹತ್ತಿರ ತಂದು, ಬೆರಳಿನ ಗೆಣ್ಣಿನಿಂದ ಫ್ರೇಮಿನ ಉದ್ದಕ್ಕೂ ಟಕಟಕ ತಟ್ಟುತ್ತಾ ಹೋದರು. ಅಣ್ಣನೂ ಬಿರುಕು ಹುಡುಕೋವಾಗ ನಾಣ್ಯ ಹಿಡಿದು ಹೀಗೇ ತಟ್ಟುತ್ತಾರೆ, ಎಲ್ಲಾದರೂ ಸದ್ದು ಬದಲಾಗುತ್ತಾ ಅಂತ. ಅಪ್ಪನಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

"ಪರವಾಗಿಲ್ಲ, ಲಾಟ್ ಚೆನ್ನಾಗಿದೆ" ಅಂದರು. "ಒಳಗೆ ಬಾ, ಕೈ ತೋರಿಸು."